ಹತ್ತಿ ವಖಾರಿಯೊಳಗೊಂದು ಯುದ್ಧ

ಹತ್ತಿ ವ್ಯಾಪಾರಿಯ ಅಂಗಡಿಗೆ ಹತ್ತಿಯಷ್ಟೇ ಬರುತ್ತದೆ ಎಂದು ತಿಳಿದವರು ಒಂದು ದಿನವೂ ಅಂಗಡಿಯ ಕಟ್ಟೆಯ ಮೇಲೆ ಕೂತವರಲ್ಲ. ಮೂವತ್ತು ವರ್ಷದಲ್ಲಿ ನನ್ನ ಕಟ್ಟೆಗೆ ಮುರಿದ ಲಗ್ನ ಬಂದಿದೆ, ಕಳೆದ ಎಮ್ಮೆ ಬಂದಿದೆ, ಅಣ್ಣತಮ್ಮಂದಿರ ಬದುವಿನ ಜಗಳ ಬಂದಿದೆ. ಯಾವುದನ್ನೂ ನಾನು ಕರೆದವನಲ್ಲ. ಹೋದ ವರ್ಷ ಇದೇ ರೀತಿ ಕರೆಯದೆ ಬಂದದ್ದು ಒಂದು ಸಿನಿಮಾದ ಸಂಗೀತ. ಅದೂ ಸಣ್ಣಪುಟ್ಟದ್ದಲ್ಲ. ಇತಿಹಾಸದ ಕಥೆ, ಕೋಟೆ, ಕುದುರೆ, ಆನೆ, ಬೆಂಕಿ, ಇವೆಲ್ಲಕ್ಕೂ ಹಿಂದಿನಿಂದ ಗೋಳಾಡುವುದಕ್ಕೆ ನೂರು ಪಿಟೀಲು. ನಮ್ಮೂರು ಸಂಶಿಯಿಂದ ಬಸ್ಸಿನಲ್ಲಿ ಅರ್ಧ ತಾಸು. ಆ ಬಸ್ಸೇ ಸರಿಯಾಗಿ ಬರುವುದಿಲ್ಲ. ಸಂಗೀತ ಹೇಗೆ ದಾರಿ ಹುಡುಕಿಕೊಂಡು ಬಂತೋ ದೇವರಿಗೇ ಗೊತ್ತು.

೧. ಚಪ್ಪಾಳೆ

ಸುಗ್ಗಿ ಮುಗಿದಿತ್ತು. ಮಧ್ಯಾಹ್ನದ ಹೊತ್ತಿಗೆ ಬಿಳಿ ಕಾರೊಂದು ಬಂದು ಅಂಗಡಿಯ ಮುಂದೆ ನಿಂತಿತು. ಇಳಿದವರು ಇಬ್ಬರು. ಒಬ್ಬರು ಬೆಂಗಳೂರಿನ ಸಂಗೀತ ನಿರ್ದೇಶಕರು. ಕೂದಲು ಭುಜದವರೆಗೆ, ಮಾತು ಮಾತ್ರ ತುಟಿಯವರೆಗೆ. ಇನ್ನೊಬ್ಬರು ದನಿ ಹಿಡಿಯುವ ಎಂಜಿನಿಯರು. ಅವರಿಗೆ ಕೂದಲೂ ಇಲ್ಲ, ಮಾತೂ ಇಲ್ಲ, ಕೊರಳಿಗೊಂದು ಹೆಡ್‌ಫೋನು.

ನಿರ್ದೇಶಕರು ವಿಷಯ ಬಿಚ್ಚಿದರು. ವಾದ್ಯಗಳದ್ದೆಲ್ಲ ಹೊರದೇಶದಲ್ಲಿ ಮುಗಿದಿದೆ, ಇನ್ನು ಸೈನ್ಯ ಒಟ್ಟಾಗಿ ಹಾಡುವ ಕೋರಸ್ ಬೇಕು. ಪಟ್ಟಣದ ಹಾಡುಗಾರರು ಯುದ್ಧಕ್ಕೆ ಹೊರಟವರ ಹಾಗೆ ಹಾಡುವುದಿಲ್ಲವಂತೆ, ಮದುವೆಯ ಊಟಕ್ಕೆ ಹೊರಟವರ ಹಾಗೆ ಹಾಡುತ್ತಾರಂತೆ. ಅದಕ್ಕೇ ಹಳ್ಳಿಯ ಭಜನೆಯವರ ದನಿ ಹುಡುಕಿಕೊಂಡು ಬಂದಿದ್ದರು. ದನಿ ಸಿಕ್ಕಿತು, ಅದನ್ನು ಹಿಡಿಯುವುದಕ್ಕೆ ಸದ್ದಿಲ್ಲದ ಜಾಗ ಸಿಗಲಿಲ್ಲ. ಶಾಲೆಯಲ್ಲಿ ಮಕ್ಕಳು, ಮಠದಲ್ಲಿ ಪಾರಿವಾಳ, ಸಮುದಾಯ ಭವನದಲ್ಲಿ ಒಂದು ಮಾತು ಆಡಿದರೆ ಮೂರು ಮಾತು ವಾಪಸು. ಯಾರೋ ಪುಣ್ಯಾತ್ಮರು ನನ್ನ ವಖಾರಿ ತೋರಿಸಿದ್ದರು.

ವಖಾರಿ ಅಂದರೆ ಹತ್ತಿ ತುಂಬಿಡುವ ನನ್ನ ದೊಡ್ಡ ಕೋಣೆ. ನಾಲ್ಕೂ ಗೋಡೆಗೆ ತೊಲೆಯವರೆಗೆ ಹತ್ತಿ ತುರುಕಿದ ಅಂಡಿಗೆ ಮೂಟೆ ಒಟ್ಟಿದ್ದೆ. ನಿರ್ದೇಶಕರು ನಟ್ಟನಡುವೆ ನಿಂತು ಒಂದು ಚಪ್ಪಾಳೆ ಹೊಡೆದರು. ಕಣ್ಣು ಮುಚ್ಚಿ ಕೇಳಿದರು. ಮತ್ತೊಂದು ಹೊಡೆದರು. ಎಂಜಿನಿಯರೂ ಹೊಡೆದರು. ಎರಡೂ ಮುಖ ದೀಪಾವಳಿಯಾಯಿತು. ಸ್ವಲ್ಪವೂ ಸದ್ದು ತಿರುಗಿ ಬರುತ್ತಿಲ್ಲ, ಪಟ್ಟಣದಲ್ಲಿ ಇಂಥ ಕೋಣೆ ಕಟ್ಟಲು ಲಕ್ಷಗಟ್ಟಲೆ ಸುರಿಯುತ್ತಾರೆ ಎಂದರು ನಿರ್ದೇಶಕರು. ಆ ಮಾತನ್ನು ಅವರು ಆಡಬಾರದಿತ್ತು. ಬಾಡಿಗೆ ಕೇಳುವುದು ಬೇಡ ಎಂದುಕೊಂಡಿದ್ದೆ. ಅದನ್ನು ಕೇಳಿದ ಮೇಲೂ ಸುಮ್ಮನಿದ್ದರೆ ಮೂವತ್ತು ವರ್ಷದ ವ್ಯಾಪಾರಕ್ಕೆ ಅವಮಾನವಲ್ಲವೆ.

ಬಾಗಿಲಲ್ಲಿ ನಮ್ಮ ಹಮಾಲ ಕೂತು ತಂಬಾಕು ತಿಕ್ಕುತ್ತಿದ್ದ. ಕಾರು ಹೋದ ಮೇಲೆ ನಿಧಾನಕ್ಕೆ ಹೇಳಿದ: "ಚಪ್ಪಾಳಿ ಹೊಡದ್ರ ಏನೂ ಬರಂಗಿಲ್ಲಂತ ಖುಷಿಪಡೂ ಮಂದೀನ ಇವತ್ತ ನೋಡಿದ್ನಿ ಸಾವಕಾರ್ರ. ನಮ್ಮೂರಿನ ಮಂದಿ ಅದಕ್ಕ ಅಳತಾರ."

೨. ನೂರರಲ್ಲಿ ಒಬ್ಬ

ನಮ್ಮೂರಿನಲ್ಲಿ ಭಜನೆಯ ಮೇಳ ಎರಡು. ಮೇಲಿನ ಓಣಿಯದಕ್ಕೆ ಹಿರಿಯರು ಪಿಂಚಣಿ ತಗೊಂಡು ಮನೆಯಲ್ಲಿರುವ ಮಾಸ್ತರರು. ಶ್ರುತಿ, ರಾಗ, ಉಚ್ಚಾರ ಅಂದರೆ ಪ್ರಾಣ. ಹೆಣದ ಮುಂದೆ ಅಳುವವರ ಉಚ್ಚಾರ ತಿದ್ದಿದ ಮನುಷ್ಯ. ಕೆಳಗಿನ ಓಣಿಯದಕ್ಕೆ ಹಿಟ್ಟಿನ ಗಿರಣಿಯವ. ಇಪ್ಪತ್ತೈದು ವರ್ಷ ಗಿರಣಿಯ ಸದ್ದಿನ ಮೇಲೆ ಮಾತಾಡಿ ಮಾತಾಡಿ ಅವನ ದನಿಗೆ ಮೈಕು ಬೇಡ, ಬಾಗಿಲು ಹಾಕುವವರು ಬೇಕು.

ಇವರಿಬ್ಬರ ನಡುವೆ ಇರುವುದು ಒಂದೇ ತಕರಾರು. ಶ್ರಾವಣದ ಕಡೆಯ ಸೋಮವಾರ ಬಸವಣ್ಣನ ಗುಡಿಯಲ್ಲಿ ಭಜನೆ. ಮೊದಲನೇ ಪದ ಹಾಡುವ ಮೇಳ ದೇವರ ಎದುರಿಗೆ ಕೂಡುತ್ತದೆ, ಊರೆಲ್ಲ ಕೇಳುತ್ತದೆ. ಇನ್ನೊಂದು ಮೇಳಕ್ಕೆ ಕಡೆಯ ಮಂಗಳ. ಆ ಹೊತ್ತಿಗೆ ಅರ್ಧ ಊರು ಪ್ರಸಾದದ ಸಾಲಿನಲ್ಲಿ, ಇನ್ನರ್ಧ ತೂಕಡಿಕೆಯಲ್ಲಿ. ಒಂದೇ ಮೇಳ ಎರಡನ್ನೂ ಹಾಡುವಂತಿಲ್ಲ. ಮಂಗಳ ಹಾಡಿದವರಿಗೆ ಮೊದಲನೇ ಪದ ಇಲ್ಲ, ಇದು ಹಳೆಯ ಕಾನೂನು. ಮೊದಲನೇ ಪದ ಮಾಸ್ತರರ ಅಪ್ಪನ ಕಾಲದಿಂದ ಮೇಲಿನ ಓಣಿಯದು. ಅದು ತನ್ನ ಓಣಿಗೆ ಒಮ್ಮೆಯಾದರೂ ಬರಬೇಕೆಂದು ಗಿರಣಿಯವ ಹತ್ತು ವರ್ಷದಿಂದ ಜೀವ ಬಿಡುತ್ತಿದ್ದ.

ಎರಡೂ ಮೇಳವನ್ನು ವಖಾರಿಗೆ ಕರೆಸಿ ನಿರ್ದೇಶಕರು ಲ್ಯಾಪ್‌ಟಾಪ್ ತೆಗೆದು ಹೊರದೇಶದ ವಾದ್ಯಮೇಳವನ್ನು ತೋರಿಸಿದರು. ಕರೀ ಕೋಟು ಹಾಕಿದ ನೂರು ಮಂದಿ. ಪಿಟೀಲಿನವರು ಒಂದೇ ಸವನೆ ತಿಕ್ಕುತ್ತಿದ್ದರು. ಇದು ಯಾವ ರಾಗ ಎಂದು ಮಾಸ್ತರರು ಕೇಳಿದರು. ರಾಗವಿಲ್ಲ, ರಾಜ ಸುಟ್ಟ ಊರನ್ನು ನೋಡುತ್ತಿದ್ದಾನೆ ಎಂದರು ನಿರ್ದೇಶಕರು. ಊರು ಸುಟ್ಟರೂ ರಾಗ ಇರಬೇಕಲ್ಲ ಎಂದು ಮಾಸ್ತರರು ಗೊಣಗಿದರು.

ಅಷ್ಟರಲ್ಲಿ ಯಾರದೋ ಕಣ್ಣಿಗೆ ಕಡೆಯ ಸಾಲಿನವನೊಬ್ಬ ಬಿದ್ದ. ಅವನ ಕೈಯಲ್ಲಿ ಮೂರು ಮೂಲೆಯ ಒಂದು ಕಬ್ಬಿಣದ ಸಳಿ, ಇನ್ನೊಂದು ಕೈಯಲ್ಲಿ ಸಣ್ಣ ಕಡ್ಡಿ. ಸುಮ್ಮನೆ ಕೂತಿದ್ದಾನೆ. ಆರು ನಿಮಿಷದ ಸಂಗೀತದಲ್ಲಿ ಐದನೇ ನಿಮಿಷಕ್ಕೆ ಎದ್ದ, ಒಮ್ಮೆ ಟಿಣ್ ಅನ್ನಿಸಿದ, ಕೂತ. ಅಷ್ಟೇ. ಆಮೇಲೆ ನೂರು ಪಿಟೀಲಿನ ಕಡೆ ಒಬ್ಬನೂ ನೋಡಲಿಲ್ಲ. ಇನ್ನೊಮ್ಮೆ ಹಚ್ಚಲು ಹೇಳಿದರು. ಮತ್ತೊಮ್ಮೆ ಹೇಳಿದರು. ಟಿಣ್ ಬರುವ ಹೊತ್ತಿಗೆ ನಲವತ್ತು ಮಂದಿ ಉಸಿರು ಬಿಗಿಹಿಡಿಯುತ್ತಿದ್ದರು. ತಮ್ಮ ಸಂಗೀತ ನಾಟಿತು ಎಂದು ನಿರ್ದೇಶಕರ ಕಣ್ಣು ತುಂಬಿ ಬಂತು.

ಅವನಿಗೂ ಉಳಿದವರಷ್ಟೇ ಪಗಾರವೇ ಎಂದು ನಾನು ಕೇಳಿದೆ. ವ್ಯಾಪಾರಿಗೆ ಬೇರೆ ಪ್ರಶ್ನೆ ಹುಟ್ಟುವುದಿಲ್ಲ. ಅಷ್ಟೇ ಎಂದರು. ಗಿರಣಿಯವ ಮಾಸ್ತರರ ಕಡೆ ತಿರುಗಿದ.

"ನಿಮ್ಮ ಮೇಳದಾಗೂ ಅಂಥವ್ರು ಆರು ಮಂದಿ ಅದಾರ್ರೀ ಮಾಸ್ತರ್ರ. ಆದ್ರ ಅವ್ರು ಆ ಒಂದ್ ಟಿಣ್ ಸುದ್ದಾ ಹೊಡಿಯಂಗಿಲ್ಲ."

೩. ವೈರಿ ಯಾರು

ನಿರ್ದೇಶಕರಿಗೆ ಎರಡು ಕೋರಸ್ ಬೇಕಿತ್ತು. ಒಂದು ನಮ್ಮ ರಾಜನ ಸೈನ್ಯದ್ದು, ಇನ್ನೊಂದು ದಾಳಿಗೆ ಬಂದ ವೈರಿ ಸೈನ್ಯದ್ದು. ಮೇಳಗಳೂ ಎರಡು. ಲೆಕ್ಕ ಸರಿಹೋಯಿತು ಎಂದು ಅವರು ಚಹಾ ಕುಡಿಯಲು ಕೂತರು. ನಮ್ಮೂರಿನ ಲೆಕ್ಕ ಅವರಿಗೇನು ಗೊತ್ತು.

ವೈರಿ ಆಗಲು ಯಾವ ಓಣಿಯೂ ತಯಾರಿಲ್ಲ. ಮೇಲಿನ ಓಣಿಯವರು ತಾವು ಹುಟ್ಟಿನಿಂದಲೇ ರಾಜನ ಕಡೆಯವರು ಎಂದರು. ಕೆಳಗಿನ ಓಣಿಯವರು ಹಾಗಾದರೆ ತಮ್ಮಪ್ಪಂದಿರು ಯಾರ ಕಡೆ ಇದ್ದರು ಹೇಳಿಬಿಡಿ ಎಂದರು. ಸಿನಿಮಾದಲ್ಲಿ ಬರುವ ಯುದ್ಧ ಅಲ್ಲೇ ಅಂಡಿಗೆಗಳ ನಡುವೆ ಆಗುವ ಲಕ್ಷಣ ಕಂಡಿತು. ಹಮಾಲ ನಡುವೆ ನಿಂತ, ನಿರ್ದೇಶಕರು ಕಾರಿನ ಕಡೆ ನೋಡಿದರು.

ನಾನು ಜಗಳ ಬಿಡಿಸುವವನಲ್ಲ, ಮಾಲು ಸಾಗಿಸುವವನು. ಎರಡು ಮಾಲಿನಲ್ಲಿ ಒಂದು ಹೋಗುತ್ತಿಲ್ಲ ಅಂದರೆ ಅದರ ತೂಕ ಹೇಳಬೇಕು. ಯಾರ ಹಾಡು ಎಷ್ಟು ಹೊತ್ತಿನದು ಎಂದು ಎಲ್ಲರಿಗೂ ಕೇಳುವ ಹಾಗೆ ನಿರ್ದೇಶಕರನ್ನು ಕೇಳಿದೆ. ವೈರಿ ಸೈನ್ಯ ಕೋಟೆ ಏರುವಾಗ ಒಂದೂವರೆ ನಿಮಿಷ, ರಾಜನ ಸೈನ್ಯಕ್ಕೆ ಕಡೆಗೆ ಅರ್ಧ ನಿಮಿಷ ಎಂದರು.

ಮಾಸ್ತರರು ಕನ್ನಡಕ ತೆಗೆದು ಒರೆಸಿದರು. ತಿರುಗಿ ಹಾಕಿಕೊಂಡು, ಧರ್ಮದ ದೃಷ್ಟಿಯಿಂದ ನೋಡಿದರೆ ವೈರಿ ಎನ್ನುವವನು ಯಾರೂ ಇಲ್ಲ, ಎಲ್ಲರೂ ಮನುಷ್ಯರೇ ಎಂದು ಅಪ್ಪಣೆ ಕೊಡಿಸಿದರು. ಹೀಗಾಗಿ ಮೇಲಿನ ಓಣಿ ವೈರಿಯಾಯಿತು. ಗಿರಣಿಯವನಿಗೂ ಧರ್ಮ ನೆನಪಾಯಿತು, ಆದರೆ ತಡವಾಗಿ ನೆನಪಾಯಿತು. ಅವನ ಪಾಲಿಗೆ ರಾಜಭಕ್ತಿ ಉಳಿಯಿತು, ಅರ್ಧ ನಿಮಿಷದ್ದು.

ಹೊಟ್ಟೆಯುರಿ ತಾಳದೆ ಗಿರಣಿಯವ ಅಲ್ಲೇ ಕರಾರು ಹಾಕಿದ. ಸಿನಿಮಾ ಬಂದಾಗ ಟಾಕೀಸಿನಲ್ಲಿ ಯಾರ ದನಿ ಮೊದಲು ಕೇಳುತ್ತದೋ ಅವರಿಗೆ ಶ್ರಾವಣದ ಮೊದಲನೇ ಪದ, ಮುಂದೆ ಎಂದೆಂದಿಗೂ. ನೂರು ಪಿಟೀಲಿನ ಸದ್ದಿನಲ್ಲಿ ಮಾಸ್ತರರ ಸಣ್ಣ ದನಿ ಕೇಳುವುದೇ ಇಲ್ಲ ಎಂಬುದು ಅವನ ಲೆಕ್ಕ. ಮಾಸ್ತರರಿಗೆ ಮೂರು ಪಾಲು ಹೊತ್ತಿನ ಧೈರ್ಯ. ಒಪ್ಪಿಕೊಂಡರು. ನನ್ನನ್ನು ಸಾಕ್ಷಿ ಮಾಡಿದರು. ವಖಾರಿಯ ಹೊರಗೆ ಕೂಡಿದ್ದ ಹೆಣ್ಣುಮಕ್ಕಳು, ಒಳಗೆ ಏನು ಮಾತಾಯಿತು ಎಂದು ಬಾಗಿಲಲ್ಲಿ ನಿಂತು ಕೇಳಿಸಿಕೊಂಡಿದ್ದ ಮಾಸ್ತರರ ಹೆಂಡತಿಯನ್ನು ಕೇಳಿದರಂತೆ. ಆಕೆ ಹೇಳಿದ್ದು: "ಏನಿಲ್ಲ ಬಿಡ್ರೆ. ಮನ್ಯಾಗ ಮಾಡೂದನ್ನ ಇನ್ನ ಸಿನಿಮಾದಾಗ ಮಾಡ್ತಾರಂತ, ವೈರಿ ಪಾತ್ರ."

೪. ಅರ್ಥ

ಕೋರಸ್ಸಿಗೆ ನಿರ್ದೇಶಕರು ಬರೆದು ತಂದ ಸಾಲುಗಳು ಕನ್ನಡವಲ್ಲ, ಸಂಸ್ಕೃತವಲ್ಲ, ಯಾವುದೂ ಅಲ್ಲ. "ರುಂದ ವಾರ ಹಂತ ಓ" ಎಂದು ಶುರು. ಇದರ ಅರ್ಥವೇನೆಂದು ಮಾಸ್ತರರು ಕೇಳಿದರು. ಅರ್ಥವಿಲ್ಲ, ಭಾವವಿದೆ ಎಂದರು ನಿರ್ದೇಶಕರು. ದೊಡ್ಡ ಚಿತ್ರಗಳಲ್ಲೆಲ್ಲ ಈಗ ಹೀಗೇ ಅಂತೆ. ಯಾರಿಗೂ ಅರ್ಥವಾಗದಿದ್ದರೆ ಹಳೆಯ ಕಾಲದ್ದು ಅನ್ನಿಸುತ್ತದಂತೆ. ನಮ್ಮ ತಹಶೀಲ್ದಾರ ಕಚೇರಿಯ ನೋಟಿಸು ಓದಿದಾಗ ನನಗೂ ಹಾಗೇ ಅನ್ನಿಸುತ್ತದೆ.

ಮೂವತ್ತಾರು ವರ್ಷ ಮಕ್ಕಳಿಗೆ ಪದ್ಯದ ಭಾವಾರ್ಥ ಬರೆಸಿದ ಮನುಷ್ಯನ ಮುಂದೆ ಈ ಮಾತು ಆಡಬಾರದಿತ್ತು. ಮಾಸ್ತರರು ಹಾಳೆಯನ್ನು ಮಡಚಿ ಜೇಬಿಗಿಟ್ಟುಕೊಂಡು ಮನೆಗೆ ಹೋದರು. ಮರುದಿನ ಮುಂಜಾನೆ ಎರಡು ಪುಟದ ಭಾವಾರ್ಥ ಹಿಡಿದು ಬಂದರು. ರುಂದ ಅಂದರೆ ಅಲೆಯುವ ಮನಸ್ಸು, ವಾರ ಅಂದರೆ ದಡ, ಹಂತ ಅಂದರೆ ಏರಿಸು. ಒಟ್ಟಿನಲ್ಲಿ, ಸ್ವಾಮೀ, ಅಲೆಯುತ್ತಿರುವ ಈ ಮನಸ್ಸನ್ನು ದಡಕ್ಕೆ ಏರಿಸು ಎಂಬ ಪ್ರಾರ್ಥನೆ. ಮೇಳಕ್ಕೆಲ್ಲ ಬಾಯಿಪಾಠ ಮಾಡಿಸಿಬಿಟ್ಟಿದ್ದರು.

ಇವರು ಕೋಟೆಗೆ ಬೆಂಕಿ ಹಚ್ಚಲು ಬಂದ ವೈರಿಗಳು, ಪ್ರಾರ್ಥನೆ ಹೇಗೆ ಮಾಡುತ್ತಾರೆ ಎಂದು ನಿರ್ದೇಶಕರು ಹೆದರುತ್ತ ಕೇಳಿದರು.

"ಬೆಂಕಿ ಹಚ್ಚಾಕ ಬಂದವ್ರಿಗೆ ದೇವರು ಇಲ್ಲೇನ್ರಿ?" ಎಂದರು ಮಾಸ್ತರರು. "ನಮ್ಮೂರಾಗ ಬಣಿವಿಗೆ ಬೆಂಕಿ ಹಚ್ಚಿದವ ಮದಲ ಗುಡಿಗೆ ಹೋಗಿ ಕಾಯಿ ಒಡಿಸಿದ್ದ."

ನಿರ್ದೇಶಕರು ಎಲ್ಲರನ್ನೂ ಮೈಕಿನ ಮುಂದೆ ನಿಲ್ಲಿಸಿದರು. ಹಾಡಿಸಿದರು. ನಿಜ ಹೇಳಬೇಕೆಂದರೆ ಅರ್ಥ ಸಿಕ್ಕ ಮೇಲೆ ಮುದುಕರ ದನಿಯೇ ಬೇರೆಯಾಗಿತ್ತು. ಎಂಜಿನಿಯರ್ ಮೊದಲ ಸಲ ಬಾಯಿ ತೆರೆದು ಛಲೋ ಬಂತು ಅನ್ನುವ ಅರ್ಥದಲ್ಲಿ ಏನೋ ಅಂದರು. ಸಂಜೆ ಹೋಗುವಾಗ ನಿರ್ದೇಶಕರು ಆ ಎರಡು ಪುಟವನ್ನು ಇಟ್ಟುಕೊಳ್ಳಲೇ ಎಂದು ವಿನಯದಿಂದ ಕೇಳಿ ಬ್ಯಾಗಿಗೆ ಹಾಕಿಕೊಂಡರು.

ನಾಲ್ಕು ತಿಂಗಳ ಮೇಲೆ ಟಿವಿಯಲ್ಲಿ ಅವರ ಸಂದರ್ಶನ ಬಂತು. ಈ ಸಾಲುಗಳ ಒಳಗಿನ ಅರ್ಥ ಹುಡುಕುವುದಕ್ಕೆ ತಮಗೆ ಎರಡು ವರ್ಷದ ಸಂಶೋಧನೆ ಬೇಕಾಯಿತು ಎಂದು ಹೇಳಿ, ರುಂದ ಅಂದರೆ ಅಲೆಯುವ ಮನಸ್ಸು ಎಂದು ವಿವರಿಸಿದರು. ನಮ್ಮ ಕಟ್ಟೆಯ ಮೇಲೆ ಕೂತು ನೋಡುತ್ತಿದ್ದ ಮಾಸ್ತರರು ಸಿಟ್ಟಾಗಲಿಲ್ಲ. ತಲೆದೂಗಿ, "ನೋಡ್ರಿ, ನಾ ಹೇಳಿದ್ದು ಖರೇ ಇತ್ತು. ಅವ್ರೂ ಅದನ್ನ ಹೇಳಾಕತ್ತಾರ" ಅಂದರು.

೫. ದುಃಖ

ಗಿರಣಿಯವನ ಅರ್ಧ ನಿಮಿಷ ದುಃಖದ್ದು. ರಾಜ ಗಾಯಗೊಂಡು ಬಿದ್ದಿದ್ದಾನೆ, ಸೈನ್ಯ ಸುತ್ತ ನಿಂತು ಮೆಲ್ಲಗೆ ಹಾಡಬೇಕು. ಕೆಳಗಿನ ಓಣಿಗೆ ಮೆಲ್ಲಗೆ ಎನ್ನುವುದೇ ಹೊಸ ವಿದ್ಯೆ. ನಮ್ಮಲ್ಲಿ ಗುಟ್ಟನ್ನೂ ಮೂರು ಮನೆಗೆ ಕೇಳುವ ಹಾಗೆ ಹೇಳುತ್ತಾರೆ. ಎಷ್ಟು ಸಲ ಹಾಡಿಸಿದರೂ ರಾಜ ಬಿದ್ದದ್ದಕ್ಕೆ ಇವರಿಗೆ ಅಗದಿ ಹುರುಪು ಬಂದ ಹಾಗೆ ಕೇಳುತ್ತಿತ್ತು.

ನಿರ್ದೇಶಕರು ಹಾಡು ನಿಲ್ಲಿಸಿ ಕಥೆ ಹೇಳಿದರು. ಮುದಿ ರಾಜ, ಎದೆಗೆ ಬಾಣ, ಸುತ್ತ ಹೊಗೆ. ಇಪ್ಪತ್ತು ಮಂದಿ ಗಂಭೀರವಾಗಿ ಕೇಳಿದರು. ಅವನಿಗೆ ಗಂಡುಮಕ್ಕಳು ಇದ್ದಾರೆಯೇ ಎಂದು ಒಬ್ಬ ವಿಚಾರಿಸಿದ. ಇಬ್ಬರಿದ್ದಾರೆ ಎಂದರು ನಿರ್ದೇಶಕರು. ಹಾಗಾದರೆ ಆಸ್ತಿ ಬೇರೆಯವರ ಪಾಲಾಗುವುದಿಲ್ಲ ಬಿಡಿ ಎಂದು ಎಲ್ಲರಿಗೂ ಸಮಾಧಾನವಾಯಿತು. ಮುಂದಿನ ಸಲ ಹಾಡಿದಾಗ ಹುರುಪು ಇನ್ನೂ ಜಾಸ್ತಿ.

ಸಂಜೆಯಾಗುತ್ತ ಬಂತು. ವಖಾರಿ ಮರುದಿನ ನನಗೆ ಬೇಕಿತ್ತು. ಬಾಜೂಕ ಇನ್ನೊಂದು ಕೋಣೆಯಿದೆ, ನಡುವೆ ಒಂದು ಬಾಗಿಲು. ಅಲ್ಲಿ ಒಣ ಮೆಣಸಿನಕಾಯಿಯ ಚೀಲ ಇಟ್ಟಿದ್ದೆ. ಕಣ್ಣೀರು ತಾನೆ ಬೇಕು, ಅದಕ್ಕೆ ಕಥೆ ಯಾಕೆ ಎಂದುಕೊಂಡು, ಹಾಡು ಶುರುವಾದ ಕೂಡಲೇ ಆ ಬಾಗಿಲು ತೆಗೆದು ಒಂದು ಚೀಲವನ್ನು ಎರಡು ಸಲ ಕುಟ್ಟಿದೆ.

ಒಂದು ವಿಷಯ ಮರೆತಿದ್ದೆ. ಕೆಳಗಿನ ಓಣಿಯವರು ಮೆಣಸಿನಕಾಯಿ ಬಿಡಿಸುತ್ತಲೇ ಹುಟ್ಟಿದವರು. ಒಬ್ಬನ ಕಣ್ಣೂ ಒದ್ದೆಯಾಗಲಿಲ್ಲ. ಘಾಟಿಗೆ ಗಂಟಲು ಸ್ವಲ್ಪ ಕಟ್ಟಿತು, ಅಷ್ಟೇ. ಆ ಕಟ್ಟಿದ ಗಂಟಲಿನಿಂದ ದನಿ ತಾನಾಗಿಯೇ ಸಣ್ಣಗಾಗಿ, ಒಡೆದು, ಬೇಕಾದ ಹಾಗೆ ಬಂತು. ಅತ್ತವರು ಬೆಂಗಳೂರಿನವರು. ನಿರ್ದೇಶಕರಿಗೆ ಎರಡೂ ಕಣ್ಣಲ್ಲಿ ಧಾರೆ. ಎಂಜಿನಿಯರ್ ಹೆಡ್‌ಫೋನು ತೆಗೆಯುವ ಹಾಗಿಲ್ಲ, ಸೀನುವ ಹಾಗಿಲ್ಲ, ಮೂಗು ಹಿಡಿದುಕೊಂಡು ಭುಜ ಕುಣಿಸುತ್ತ ಅಳುತ್ತಿದ್ದರು. ಹಾಡು ಮುಗಿದ ಮೇಲೆ ಇಬ್ಬರೂ ಹೊರಗೆ ಓಡಿ ನಲ್ಲಿಯ ಕೆಳಗೆ ಮುಖ ಇಟ್ಟರು.

ಬಾಗಿಲ ವಿಷಯ ನಾನು ಯಾರಿಗೂ ಹೇಳಿಲ್ಲ. ಗಿರಣಿಯವ ಇವತ್ತಿಗೂ ಹಿಟ್ಟು ಬೀಸಿಸಲು ಬಂದವರಿಗೆಲ್ಲ ಹೇಳುತ್ತಾನೆ: "ಬೆಂಗ್ಳೂರಾವ್ರ ಅಂದ್ರ ಕಲ್ಲು ಅಂತೀರಿ. ನಮ್ಮ ಪದ ಕೇಳಿ ಹೆಂಗ ಅತ್ರು ಅಂತ ಸಾವಕಾರ್ರನ್ನ ಕೇಳ್ರಿ."

೬. ಟಾಕೀಸು

ಸಿನಿಮಾ ಬಂದದ್ದು ಶ್ರಾವಣಕ್ಕೆ ಹದಿನೈದು ದಿನ ಇರುವಾಗ. ಮೊದಲ ರವಿವಾರ ಮೂರು ಟೆಂಪೊ ಮಾಡಿಕೊಂಡು ಊರಿಗೆ ಊರೇ ಹುಬ್ಬಳ್ಳಿಗೆ ಹೋಯಿತು. ಟಾಕೀಸಿನಲ್ಲಿ ಗುಡಿಯಲ್ಲಿ ಕೂತ ಹಾಗೇ ಕೂತರು. ಎಡಕ್ಕೆ ಮೇಲಿನ ಓಣಿ, ಬಲಕ್ಕೆ ಕೆಳಗಿನ ಓಣಿ, ನಡುವೆ ಸಾಕ್ಷಿ ಹೇಳಲು ನಾನು.

ಸಿನಿಮಾ ನೋಡಲು ಬಂದವರು ನಮ್ಮಲ್ಲಿ ಯಾರೂ ಇರಲಿಲ್ಲ. ನಾಯಕ ಆನೆಯ ಮೇಲೆ ಬಂದಾಗ ಪಟ್ಟಣದವರು ಸೀಟಿ ಹೊಡೆದರು, ನಮ್ಮವರು ಆನೆ ಬೇಗ ನಡೆಯಬಾರದೇ ಎಂದರು. ನಾಯಕಿ ಅತ್ತಳು. ಪಿಟೀಲು ಅವಳಿಗಿಂತ ಜಾಸ್ತಿ ಅತ್ತವು. ನಗಾರಿ, ಕಹಳೆ, ಮತ್ತೆ ಪಿಟೀಲು. ಒಂದೂಕಾಲು ತಾಸು ಮಾಸ್ತರರು ಕಿವಿಗೆ ಕೈ ಹಚ್ಚಿಕೊಂಡೇ ಕೂತಿದ್ದರು. ಯಾರ ದನಿಯೂ ಇಲ್ಲ. ಗಿರಣಿಯವನ ಮುಖ ಅರಳುತ್ತ ಹೋಯಿತು.

ಆಗ ಪರದೆಯ ಮೇಲೆ ನಸುಕಾಯಿತು. ವೈರಿ ಸೈನ್ಯ ಕೋಟೆಯ ಕಡೆ ಹೊರಟಿತು. ನೂರು ಪಿಟೀಲೂ ಥಟ್ಟನೆ ನಿಂತವು. ಆ ಮೌನದೊಳಗಿಂದ "ರುಂದ ವಾರ ಹಂತ ಓ" ಎಂದು ಮಾಸ್ತರರ ದನಿ ಎದ್ದಿತು, ಹಿಂದೆ ಇಡೀ ಮೇಲಿನ ಓಣಿ. ಒಂದು ಅಕ್ಷರವೂ ಮುಕ್ಕಾಗಿರಲಿಲ್ಲ. ಮೈಮೇಲೆ ಮುಳ್ಳೆದ್ದವು, ಸುಳ್ಳು ಯಾಕೆ ಹೇಳಲಿ. ಬಾಡಿಗೆ ಕಡಿಮೆ ಕೇಳಿದೆ ಎಂದೂ ಅದೇ ಹೊತ್ತಿಗೆ ಅನ್ನಿಸಿತು. ಎಡಗಡೆಯವರೆಲ್ಲ ಮಾಸ್ತರರನ್ನು ನೋಡಿದರು. ಬಲಗಡೆ ಗಿರಣಿಯವನ ಮುಖ ಕರೆಂಟು ಹೋದ ಗಿರಣಿಯಾಗಿತ್ತು. ಕರಾರು ಮುಗಿಯಿತು, ಮೊದಲನೇ ಪದ ಎಂದೆಂದಿಗೂ ಮಾಸ್ತರರದು ಎಂದು ನಾನು ಮನಸ್ಸಿನಲ್ಲೇ ಬರೆದುಕೊಂಡೆ.

ಒಂದು ಸಾಲು ಆಯಿತು, ಎರಡು ಆಯಿತು, ಮೂರನೆಯದು ಅರ್ಧಕ್ಕೆ ಬಂದಿತ್ತು. ಧಡ್ ಅಂತ ಕೋಟೆಯ ಬಾಗಿಲು ಬಿತ್ತು. ಪರದೆ ಕಪ್ಪು. ಮಧ್ಯಂತರ. ದೀಪ ಹತ್ತಿದವು. ಹಾಡು ಅಲ್ಲೇ ಕಡಿದು ಬಿದ್ದಿತ್ತು.

ಪಟ್ಟಣದವರು ಪಾಪ್‌ಕಾರ್ನಿಗೆ ಎದ್ದರು. ನಮ್ಮವರು ಒಬ್ಬರೂ ಏಳಲಿಲ್ಲ. ಯಾಕೆಂದರೆ ನಮ್ಮ ಕಡೆ ಎತ್ತಿದ ಪದವನ್ನು ನಡುವೆ ಬಿಡುವುದಿಲ್ಲ. ದೀಪ ಆರಲಿ, ಮಳೆ ಬರಲಿ, ಹೇಗಾದರೂ ಪದ ಮುಗಿಸಿ, ಮಂಗಳ ಆದ ಮೇಲೆಯೇ ಏಳಬೇಕು. ಬಿಟ್ಟರೆ ಎತ್ತಿದವನ ಮನೆಗೆ ಕೇಡು. ಎಲ್ಲರ ಕಣ್ಣೂ ಮಾಸ್ತರರ ಮೇಲೆ. ಪರದೆಯ ಮೇಲೆ ಬನಿಯನ್ನಿನ ಜಾಹೀರಾತು ಓಡುತ್ತಿತ್ತು. ಮಾಸ್ತರರು ಮೊಳಕಾಲು ತಿಕ್ಕಿಕೊಂಡು ಎದ್ದು ನಿಂತರು. ನಾನು ಧೋತರದ ಚುಂಗು ಹಿಡಿದು ಜಗ್ಗಿದೆ. ಇದು ಸಿನಿಮಾ, ಕೂಡಿರಿ ಎಂದೆ.

"ಪದ ನಂದ್ರೀ ಸಾವಕಾರ್ರ," ಎಂದರು ಅವರು. "ಹಂಗ ಬಿಟ್ಟು ಹೆಂಗ ಕುಂದರ್ಲಿ?"

ಕಣ್ಣು ಮುಚ್ಚಿ, ಕೈಮುಗಿದು, ಉಳಿ͏ದ ಸಾಲುಗಳನ್ನು ಹಾಡಿ ಸೀದಾ ಮಂಗಳಕ್ಕೆ ಹೋದರು. ಮೇಲಿನ ಓಣಿ ಕೂಡಿಕೊಂಡಿತು. ಹೆಣ್ಣುಮಕ್ಕಳು ಕೂಡಿಕೊಂಡರು. ಬಾಲ್ಕನಿಯಲ್ಲಿದ್ದ ಬೇರೆ ಊರಿನವರೂ ಎದ್ದು ನಿಂತು ಕೈಮುಗಿದರು. ಬಾಯಿ ಬಿಡದೆ ಕೂತದ್ದು ಗಿರಣಿಯವ, ಅವನನ್ನು ನೋಡಿ ಅವನ ಮೇಳ. ಹೊಟ್ಟೆಯುರಿ ಎಂದುಕೊಂಡೆ. ಮುಟ್ಟಿದರೆ ಸಾಕು, ಯಾವ ಹೊಲದ ಹತ್ತಿ ಎಂದು ಹೇಳುವವನು ನಾನು. ಆ ಮೌನ ಯಾವ ಹೊಲದ್ದೆಂದು ನನಗೆ ತಿಳಿಯಲಿಲ್ಲ.

ಮಂಗಳ ಮುಗಿಯಿತು. ಹರ ಹರ ಮಹಾದೇವ ಆಯಿತು. ಮಂಗಳ ಆದ ಮೇಲೆ ನಮ್ಮ ಜನ ಏನು ಮಾಡುತ್ತಾರೋ ಅದನ್ನೇ ಮಾಡಿದರು. ಎದ್ದರು, ಕುರ್ಚಿಯ ಕೆಳಗೆ ಚಪ್ಪಲಿ ಹುಡುಕಿದರು, ಹೊರಟರು. ಬಾಗಿಲಲ್ಲಿ ಟಿಕೆಟ್ ಹರಿಯುವವನು ಅಡ್ಡ ನಿಂತು, ಇನ್ನೂ ಅರ್ಧ ಸಿನಿಮಾ ಇದೆ, ರಾಜ ಇನ್ನೂ ಸತ್ತಿಲ್ಲ ಎಂದು ಬೇಡಿಕೊಂಡ. ಮುಂದಿದ್ದ ಮುದುಕಿ ಅವನ ಕೈ ಸರಿಸಿದಳು.

"ಮಂಗಳ ಆತಲ್ಲೋ ಯಪ್ಪಾ. ಆದಮ್ಯಾಲ ಕುಂತ್ರ ಮನೀಗೆ ಛಲೋ ಅಲ್ಲ."

ಆ ಮಾತು ಕೇಳಿದ ಮೇಲೆ ಕೂಡುವ ಧೈರ್ಯ ಯಾರಿಗಿದೆ. ಬಾಲ್ಕನಿಯೂ ಖಾಲಿಯಾಯಿತು. ಪ್ರಸಾದ ಯಾವ ಬಾಗಿಲಲ್ಲಿ ಕೊಡುತ್ತಾರೆ ಎಂದು ಒಬ್ಬ ಕೇಳುತ್ತಿದ್ದ. ಪಾಪ್‌ಕಾರ್ನ್ ಹಿಡಿದುಕೊಂಡು ವಾಪಸು ಬಂದ ಏಳೆಂಟು ಪಟ್ಟಣದವರು ಖಾಲಿ ಟಾಕೀಸನ್ನು ನೋಡಿ ಬಾಂಬಿನ ಸುದ್ದಿಯೋ ಏನೋ ಎಂದು ಅವರೂ ಹೊರಗೆ ಓಡಿದರು.

ಎದುರಿಗೆ ಮಿರ್ಚಿ ಭಜಿಯ ಗಾಡಿ ಇತ್ತು. ಪ್ರಸಾದ ಅಲ್ಲೇ ಆಯಿತು. ಎಲ್ಲರೂ ಮಾಸ್ತರರನ್ನು ಸುತ್ತಿಕೊಂಡು ಹೊಗಳುತ್ತಿದ್ದರು. ಅಷ್ಟರಲ್ಲಿ ನನ್ನ ಫೋನು ಬಡಿಯಿತು. ನಿರ್ದೇಶಕರು. ಎರಡನೇ ಭಾಗ ಶುರುವಾಯಿತೇ ಎಂದು ಕೇಳಿದರು. ಗಿರಣಿಯವರ ಹಾಡು ಅರ್ಧ ನಿಮಿಷ ಎಂದಿದ್ದೆ, ಆದರೆ ಆ ದುಃಖ ಎಷ್ಟು ನಿಜವಾಗಿ ಬಂದಿತ್ತೆಂದರೆ ಮೂರು ನಿಮಿಷ ಇಟ್ಟಿದ್ದೇನೆ, ಒಂದು ಪಿಟೀಲೂ ಇಲ್ಲ, ಬರೀ ಅವರ ದನಿ, ಅವರ ಪಕ್ಕದಲ್ಲೇ ಕೂತು ಅವರ ಮುಖ ನೋಡಿ ಎಂದರು.

ನಾನು ಗಿರಣಿಯವನ ಮುಖ ನೋಡಿದೆ. ಅವನು ಕೈಗೆ ಹತ್ತಿದ ಎಣ್ಣೆಯನ್ನು ಪೇಪರಿನ ತುಂಡಿಗೆ ಒರೆಸಿಕೊಂಡು ಮಾಸ್ತರರ ಕಡೆ ನಡೆದಿದ್ದ. ನಡಿಗೆಯಲ್ಲಿ ಸೋತವನ ಲಕ್ಷಣ ಇರಲಿಲ್ಲ. ಅಗದಿ ಛಲೋ ಕೇಳಾಕತ್ತೈತ್ರಿ ಎಂದು ನಿರ್ದೇಶಕರಿಗೆ ಹೇಳಿ ಫೋನು ಇಟ್ಟು, ನಾನೂ ಹತ್ತಿರ ಹೋದೆ.

"ಮಾಸ್ತರ್ರ, ಮಂಗಳ ಭಾಳ ಛಂದ ಹಾಡಿದ್ರಿ," ಎಂದ ಗಿರಣಿಯವ. "ಇನ್ನ ವರ್ಷಾ ಹಂಗ ಹಾಡ್ರಿ. ಮೊದಲನೇ ಪದ ನಾವ್ ನೋಡ್ಕೋತೀವಿ."

ಮಾಸ್ತರರ ಕೈಯಲ್ಲಿನ ಮಿರ್ಚಿ ಬಾಯಿಯ ಹತ್ತಿರ ನಿಂತಿತು. ತಮ್ಮ ದನಿ ಟಾಕೀಸಿನಲ್ಲಿ ಮೊದಲು ಕೇಳಿದೆ, ಕರಾರು ಕರಾರೇ ಎಂದರು. ಕೇಳಿದ್ದನ್ನು ಯಾರು ಇಲ್ಲ ಎಂದರು ಎಂದ ಗಿರಣಿಯವ. ಆದರೆ ಮಂಗಳ ಹಾಡಿದವರಿಗೆ ಮೊದಲನೇ ಪದ ಇಲ್ಲ, ಇದು ನಿಮ್ಮ ಅಪ್ಪನವರ ಕಾಲದ ಕಾನೂನು, ನಿನ್ನೆ ಮೊನ್ನೆಯ ಕರಾರಲ್ಲ. ಊರ ಮಂದಿಯೆಲ್ಲ ಕೈಮುಗಿದು ನಿಂತು ಕೇಳಿದ್ದಾರೆ.

"ಅದು ಗುಡ್ಯಾಗಿನ ಕಾನೂನು ತಮ್ಮಾ. ಇದು ಟಾಕೀಸು."

ಗಿರಣಿಯವ ಸುತ್ತಲಿನ ಮಂದಿಯನ್ನೆಲ್ಲ ಒಮ್ಮೆ ನೋಡಿದ. ಜೀವನದಲ್ಲಿ ಮೊದಲ ಸಲ ಮೆಲ್ಲಗೆ ಮಾತಾಡಿದ.

"ಮಾಸ್ತರ್ರ, ನೀವು ತಿಳದಾವ್ರು. ದೇವರಿಗೆ ಗುಡಿ ಯಾವುದು, ಟಾಕೀಸ ಯಾವುದು?"

ಇಡೀ ಊರು ಬಾಯಿತುಂಬ ಮಿರ್ಚಿ ಇಟ್ಟುಕೊಂಡೇ ಹೌದ್ಹೌದು ಎಂದು ಗೋಣು ಹಾಕಿತು.